ಹಿಂದೆ ಯಾರೂ ಇಲ್ಲದ ಜಾಗ

ಆ ಶನಿವಾರ ನನ್ನ ತಮ್ಮ ತೊಟ್ಟಿದ್ದ ಜೆರ್ಸಿಯ ಬಣ್ಣ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹಸಿರು ಎನ್ನುತ್ತೇನೆ. ಅವನ ತಂಡದ ಫೋಟೊ ಒಂದು ನನ್ನ ಫೋನಿನಲ್ಲೇ ಇದೆ. ಅದರಲ್ಲಿ ಎಲ್ಲರೂ ನೀಲಿ ತೊಟ್ಟಿದ್ದಾರೆ, ಅವನೂ. ಆದರೂ ನೆನಪಿನಲ್ಲಿ ಅವನು ಹಸಿರಿನಲ್ಲೇ ಓಡುತ್ತಾನೆ. ಇಂಥ ತಪ್ಪುಗಳು ಇಲ್ಲಿ ಇನ್ನೂ ಕೆಲವು ಇರಬಹುದು. ಯಾರು ಯಾವ ಮಾತನ್ನು ಮೊದಲು ಆಡಿದರು, ಪಂದ್ಯ ಮುಗಿಯಲು ಎಷ್ಟು ಹೊತ್ತು ಉಳಿದಿತ್ತು, ಮಳೆ ಹನಿದದ್ದು ಅಂದೋ ಅದರ ಮುಂದಿನ ವಾರವೋ, ಯಾವುದನ್ನೂ ಆಣೆ ಮಾಡಿ ಹೇಳಲಾರೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವವಳು ನಾನು. ಆ ವಾರ ಮಾತ್ರ ಒಂದು ಸಾಲನ್ನೂ ಬರೆಯಲಿಲ್ಲ. ಬರೆದಿಡದ ದಿನಗಳನ್ನು ಮನಸ್ಸು ತನಗೆ ಸಹಿಸಲು ಆಗುವ ಹಾಗೆ ತಿದ್ದಿಕೊಳ್ಳುತ್ತದೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ. ಭಯವನ್ನು ಮಾತ್ರ ಅದು ತಿದ್ದಿದ ಹಾಗೆ ಕಾಣುವುದಿಲ್ಲ. ಅದು ಅಂದು ಇದ್ದಷ್ಟೇ ಇದೆ.

ತಮ್ಮ ನೈರೋಬಿಗೆ ಬಂದದ್ದು ನನ್ನಿಂದಾಗಿ ಅಲ್ಲ. ನಾನು ಇಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕುಡಿಯುವ ನೀರಿನ ಯೋಜನೆಗಳನ್ನು ನೋಡಿಕೊಳ್ಳುತ್ತೇನೆ. ಅವನನ್ನು ಬೆಂಗಳೂರಿನ ಕಂಪನಿ ಇಲ್ಲಿನ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಕೆಲಸಕ್ಕೆಂದು ಪೋಸ್ಟಿಂಗ್ ಮೇಲೆ ಕಳಿಸಿತ್ತು. ಒಂದೇ ಊರಿನಲ್ಲಿ ಅಕ್ಕ ತಮ್ಮ ಇಬ್ಬರೂ ಸೇರಿದ್ದು ಕೇವಲ ಅದೃಷ್ಟ ಎಂದು ಆಗ ಅಂದುಕೊಂಡಿದ್ದೆ. ಅವನದು ಕೊನೆಯ ಪರೀಕ್ಷೆಯ ಕೆಲಸ. ಬೇರೆಯವರು ಮಾಡಿದ ಬದಲಾವಣೆಗಳು ಬ್ಯಾಂಕಿನ ಕಂಪ್ಯೂಟರುಗಳಿಗೆ ಹೋಗುವ ಮುಂಚೆ ಅವನ ಕಣ್ಣ ಮುಂದೆ ಹಾಯಬೇಕು. ಹಲವರ ಕೈ ದಾಟಿ ಬಂದ ಒಂದು ತಪ್ಪು ಅವನ ಕೈಯನ್ನೂ ದಾಟಿತು. ಒಂದಿಡೀ ದಿನ ಜನ ತಮ್ಮ ಖಾತೆಗಳನ್ನು ಮುಟ್ಟಲಾಗದೆ ಪರದಾಡಿದರು. ಆ ಹಲವರೂ ತಮ್ಮ ತಮ್ಮ ಕುರ್ಚಿಗಳಲ್ಲಿ ಉಳಿದರು. ಇವನ ಪೋಸ್ಟಿಂಗ್ ಮುಗಿಯಿತು, ಕೆಲಸವೂ. ವಾಪಸು ಬೆಂಗಳೂರಿಗೆ ಹೋಗುವ ಬದಲು ಸೂಟ್‌ಕೇಸ್ ಎಳೆದುಕೊಂಡು ಸ್ಪ್ರಿಂಗ್ ವ್ಯಾಲಿಯ ನನ್ನ ಫ್ಲಾಟಿಗೆ ಬಂದ. "ಸ್ವಲ್ಪ ದಿನ ಅಕ್ಕ, ಆಮೇಲೆ ನೋಡೋಣ," ಎಂದ.

ಮೊದಲು ನಿದ್ದೆ ಮಾಡಿದ. ಆಮೇಲೆ ನಿದ್ದೆ ಮಾಡುವುದನ್ನೂ ಬಿಟ್ಟ. ಗಡ್ಡ, ಸ್ನಾನ, ಫೋನು, ಒಂದೊಂದಾಗಿ ಎಲ್ಲ ನಿಂತವು. ಒಂದು ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ನಿಂತು, ಹಾಲು ಮುಗಿಯಿತೇ ಎಂದು ಕೇಳುವ ದನಿಯಲ್ಲಿ, "ಅಕ್ಕ, ನಾನು ಇಲ್ದಿದ್ರೆ ಯಾರಿಗೂ ಏನೂ ತೊಂದ್ರೆ ಆಗಲ್ಲ, ಅಲ್ವಾ?" ಎಂದ.

"ಏನೋ ಹಂಗಂದ್ರೆ?"

"ಏನಿಲ್ಲ. ಸುಮ್ನೆ ಕೇಳ್ದೆ." ಹೇಳಿ ನಕ್ಕ. ನಗು ಸಹಜವಾಗಿತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಡಾಕ್ಟರು ಮಾತ್ರೆ ಕೊಟ್ಟರು, ಪ್ರತಿ ವಾರ ಬರಲು ಹೇಳಿದರು. ಒಬ್ಬನನ್ನೇ ಬಿಡಬೇಡಿ ಎಂದರು. ಅವನಾಗಿಯೇ ಎದ್ದು ಹೋಗುವ ಜಾಗ ಒಂದಾದರೂ ಇದ್ದರೆ ಅದನ್ನು ತಪ್ಪಿಸಬೇಡಿ ಎಂದೂ ಹೇಳಿದರು. ಅಂಥ ಜಾಗ ಒಂದೇ ಇತ್ತು. ವಿಮಾನ ನಿಲ್ದಾಣದ ಹತ್ತಿರ, ಎಂಬಕಸಿಯಲ್ಲಿ ಒಂದು ಶಾಲೆಯ ಮೈದಾನ. ಆಫೀಸಿನ ಗೆಳೆಯನೊಬ್ಬ ಹಿಂದೆ ಅವನನ್ನು ಅಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಒಂದು ಹವ್ಯಾಸಿ ತಂಡಕ್ಕೆ ಸೇರಿಸಿದ್ದ. ಗೆಳೆಯ ಬಿಟ್ಟ, ಇವನು ಬಿಟ್ಟಿರಲಿಲ್ಲ. ವಾರವಿಡೀ ಗೋಡೆ ನೋಡುತ್ತಿದ್ದವನು ಶನಿವಾರ ಮಾತ್ರ ಶೂ ಕಟ್ಟಿಕೊಳ್ಳುತ್ತಿದ್ದ.

ಉಳಿದ ದಿನಗಳಿಗೆ ನಾನು ಒಂದು ಏರ್ಪಾಡು ಮಾಡಿದೆ. ಬೆಳಿಗ್ಗೆ ನಾನು ಮನೆಯಿಂದಲೇ ಕೆಲಸ ಮಾಡುವುದು. ನಾನು ಆಫೀಸಿಗೆ ಹೋದಾಗ ಕೆಳಗಿನ ಮನೆಯ ಆಂಟಿ ಬಂದು ಕೂರುವುದು. ಶನಿವಾರ ಮೈದಾನದಲ್ಲಿ ಅವನ ಕೋಚ್ ನೋಡಿಕೊಳ್ಳುವುದು. ಆಂಟಿ ಮಂಗಳೂರಿನವರು, ಮನೆಯಲ್ಲಿ ತುಳು, ನಮ್ಮ ಹತ್ತಿರ ಕನ್ನಡ. ಕಾವಲಿಗೆ ಬಂದಿದ್ದೇನೆ ಎಂದು ಒಮ್ಮೆಯೂ ತೋರಿಸಿಕೊಳ್ಳದೆ, ಹುರುಳಿ ಆರಿಸುವ ನೆಪದಲ್ಲೋ ಟಿವಿ ಕೆಟ್ಟಿದೆ ಎಂಬ ನೆಪದಲ್ಲೋ ಬರುತ್ತಿದ್ದರು.

"ಎಂಥದು ಮಾರಾಯ ನಿನ್ನ ಆಟ? ಚೆಂಡು ಕೋಳಿಮೊಟ್ಟೆಯ ಹಾಗೆ ಉಂಟು. ಫುಟ್‌ಬಾಲ್ ಅಂತ ಹೆಸರು, ಕಾಲಲ್ಲಿ ಒದೆಯುದೇ ಇಲ್ಲ!"

"ಒದೀತೀವಿ ಆಂಟಿ, ಕೆಲವೊಂದ್ಸಲ."

"ಚೆಂಡನ್ನಾ, ಒಬ್ಬರನ್ನೊಬ್ಬರಾ?"

ಅವನು ನಕ್ಕರೆ ಅವರು ಅಡುಗೆಮನೆಗೆ ಬಂದು ನನಗೆ ಕಣ್ಣಲ್ಲೇ ವರದಿ ಕೊಡುತ್ತಿದ್ದರು.

ನನಗೆ ಆಟದ ಗಂಧವಿರಲಿಲ್ಲ. ಕಲಿತೆ, ಏಕೆಂದರೆ ಅವನು ಬಾಯಿ ಬಿಡುತ್ತಿದ್ದ ವಿಷಯ ಅದೊಂದೇ. ಒಂದು ಭಾನುವಾರ ಮಾರುಕಟ್ಟೆಯಿಂದ ಉಕ್ವಾಜು ತಂದಿದ್ದೆ. ಹುಣಿಸೆಹಣ್ಣಿಗೆ ಇಲ್ಲಿ ಹಾಗೆನ್ನುತ್ತಾರೆ, ಬೀಜ ಸಮೇತ ಬರುತ್ತದೆ. ಇಬ್ಬರೂ ನೆಲದ ಮೇಲೆ ಪೇಪರ್ ಹಾಸಿಕೊಂಡು ಬೀಜ ಬಿಡಿಸುತ್ತಿದ್ದೆವು. ಅವನು ಇದ್ದಕ್ಕಿದ್ದ ಹಾಗೆ ಹನ್ನೊಂದು ಬೀಜ ಆರಿಸಿ ಪೇಪರಿನ ಮೇಲೆ ಜೋಡಿಸತೊಡಗಿದ. ಎದುರಾಳಿ ತಂಡ ಚೆಂಡು ಎಸೆಯುವಾಗ ತಡೆಯಲು ಎರಡು ರೀತಿ ಇವೆಯಂತೆ. ಒಬ್ಬೊಬ್ಬರೂ ಒಬ್ಬೊಬ್ಬನ ಬೆನ್ನು ಹತ್ತುವುದು ಒಂದು. ಇನ್ನೊಂದು ಝೋನ್: ಮನುಷ್ಯರನ್ನು ಬಿಟ್ಟು ಜಾಗಗಳನ್ನು ಹಂಚಿಕೊಂಡು ಕಾಯುವುದು.

"ಈ ನಾಲ್ಕು ಜನ ಮುಂದೆ. ಚೆಂಡು ಎಸೆಯೋನ ಮೇಲೆ ನುಗ್ತಾರೆ. ಇವ್ರ ಹಿಂದೆ ನಾಲ್ಕು ಜನ, ಹತ್ತಿರದ ಜಾಗಾನ ನಾಲ್ಕು ಭಾಗ ಮಾಡ್ಕೋತಾರೆ. ಕೊನೇಲಿ ಮೂರು ಜನ, ದೂರದ ಜಾಗ ಮೂರು ಭಾಗ. ಈ ಮೂರರಲ್ಲಿ ಮಧ್ಯ ಇರೋದು ಸೇಫ್ಟಿ. ಅದು ನಾನು."

"ನಿನ್ನ ಹಿಂದೆ?"

"ನನ್ನ ಹಿಂದೆ ಯಾರೂ ಇಲ್ಲ."

"ಹಂಗಾದ್ರೆ ನೀನೇ ಎಲ್ಲಾರಿಗಿಂತ ಮುಖ್ಯ."

"ಎಲ್ಲಾರೂ ಹಿಂಗೇ ಅನ್ಕೊಳ್ಳೋದು." ಮುಂದಿನ ನಾಲ್ಕು ಬೀಜಗಳನ್ನು ಬೆರಳಿಂದ ತಟ್ಟಿದ. "ಬೆಲೆ ಇರೋದು ಇವ್ರಿಗೆ. ಇವ್ರು ಬೇಗ ಹೋಗಿ ಮೈಮೇಲೆ ಬಿದ್ರೆ ಎಸೆಯೋನಿಗೆ ತಲೆ ಎತ್ತಿ ನೋಡೋಕೂ ಟೈಮ್ ಸಿಗಲ್ಲ. ಆಗ ಸೇಫ್ಟಿ ಜಾಗದಲ್ಲಿ ನೀನು ನಿಂತ್ರೂ ನಡೆಯುತ್ತೆ."

"ನಾನಾ? ಮೆಟ್ಲು ಹತ್ತಿದ್ರೆ ಏದುಸಿರು ಬರುತ್ತೆ ನಂಗೆ."

"ಕುರ್ಚಿ ಹಾಕ್ಕೊಂಡು ಕೂತ್ಕೋ, ಆಗ್ಲೂ ನಡೆಯುತ್ತೆ. ಅದೇ ಇವ್ರು ನಿಧಾನ ಆದ್ರೋ, ಹಿಂದೆ ಎಂಥೋನೇ ಇರ್ಲಿ, ಎಲ್ಲೋ ಒಂದು ಕಡೆ ಸಂದು ಬಿಟ್ಕೊಳುತ್ತೆ. ಎಷ್ಟು ಹೊತ್ತು ಅಂತ ಕಾಯ್ತಾನೆ ಅವ್ನು? ಆದ್ರೆ ಚೆಂಡು ಕೊನೇ ಗೆರೆ ದಾಟ್ದಾಗ ಎಲ್ಲಾರೂ ನೋಡೋದು ಹಿಂದೆ ಓಡ್ತಿರೋನನ್ನ."

ಅವನ ಕೋಚ್ ಇದನ್ನು ಒಪ್ಪುತ್ತಿರಲಿಲ್ಲವಂತೆ. ಆಕೆಯ ಪ್ರಕಾರ ಎರಡನೆಯ ಸಾಲಿನ ನಡುವೆ ನಿಲ್ಲುವ ಲೈನ್‌ಬ್ಯಾಕರ್‌ಗೇ ಹೆಚ್ಚು ಬೆಲೆ. ಮೈದಾನದ ಹೊಟ್ಟೆಯಲ್ಲಿ ಬೀಳುವ ಸಣ್ಣ ಎಸೆತಗಳನ್ನು ಅವನು ಮುಚ್ಚಿದರೆ ಎದುರಾಳಿ ದೂರಕ್ಕೇ ಎಸೆಯಬೇಕು. ದೂರದ ಎಸೆತ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಆಗ ಸೇಫ್ಟಿಗೆ ಓಡಿ ಬರಲು ಸಮಯ ಸಿಗುತ್ತದೆ. ಇಬ್ಬರೂ ಇದರ ಮೇಲೆ ವಾರಗಟ್ಟಲೆ ಜಗಳವಾಡುತ್ತಿದ್ದರಂತೆ. ಇದನ್ನು ಹೇಳುವಾಗ ಅವನ ಮುಖದಲ್ಲಿ ರಕ್ತ ಆಡಿತ್ತು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು.

"ನಿಮ್ಮ ಆಫೀಸಲ್ಲೂ ಹಿಂಗೇ ಆಗಿದ್ದಲ್ವೇನೋ?" ಎಂದುಬಿಟ್ಟೆ.

ಅವನು ಬೀಜಗಳನ್ನೆಲ್ಲ ಅಂಗೈಯಿಂದ ಗುಡ್ಡೆ ಮಾಡಿದ. "ಆಟ ಆಟ ಅಕ್ಕ. ಅದನ್ನ ಇದಕ್ಕೆ ತಂದು ಅಂಟಿಸಬೇಡ."

ಅವನು ಹೇಳಿದ್ದು ಸರಿ. ಹೋಲಿಕೆ ಎಷ್ಟು ಚೆನ್ನಾಗಿ ಕೂರುತ್ತದೋ ಅಷ್ಟು ಅನುಮಾನ ಪಡಬೇಕು ಎಂದು ನನಗೆ ನಾನೇ ಎಷ್ಟೋ ಸಲ ಬರೆದುಕೊಂಡಿದ್ದೇನೆ. ಆದರೆ ಮನೆಯಲ್ಲಿ ಒಬ್ಬರು ಮುಳುಗುತ್ತಿರುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತೇವೆ.

ಪಂದ್ಯದ ದಿನ ನಾನೇ ಅವನನ್ನು ಕರೆದುಕೊಂಡು ಹೋದೆ. ಅಂದು ಅವನು ಬೆಳಿಗ್ಗೆ ತಾನಾಗಿಯೇ ಉಪ್ಪಿಟ್ಟು ಕೇಳಿ ತಿಂದಿದ್ದ. ಆ ಒಂದು ತಟ್ಟೆ ಉಪ್ಪಿಟ್ಟಿನ ಮೇಲೆ ನಾನು ಏನೇನೋ ಆಸೆ ಕಟ್ಟಿಕೊಂಡು ದಾರಿಯುದ್ದಕ್ಕೂ ಮಾತಾಡಿದೆ. ಎದುರಾಳಿಗಳು ನಗರದ ಇನ್ನೊಂದು ಕಡೆಯ ತಂಡ. ನೋಡಲು ಬಂದವರಲ್ಲಿ ಹೆಚ್ಚಿನವರು ಆಟಗಾರರ ಮನೆಯವರು. ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ ಆಗಾಗ ಕೋಚ್ ಕೂಗುವುದನ್ನು ಬಿಟ್ಟು ಕೈಸನ್ನೆಗೆ ಇಳಿಯುತ್ತಿದ್ದಳು. ಆಕೆ ಅಮೆರಿಕದ ಕಾಲೇಜಿನಲ್ಲಿ ಓದುವಾಗ ಈ ಆಟ ಕಲಿತು ಬಂದವಳು, ಈಗ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ.

ಕೊನೆಯ ಹೊತ್ತಿನವರೆಗೂ ನಮ್ಮವರೇ ಮುಂದಿದ್ದರು. ನನ್ನ ಕಣ್ಣು ಮಾತ್ರ ಚೆಂಡಿನ ಮೇಲಿರಲಿಲ್ಲ, ಎಲ್ಲರಿಗಿಂತ ಹಿಂದೆ ಒಂಟಿಯಾಗಿ ನಿಂತ ಅವನ ಮೇಲಿತ್ತು. ಆದ್ದರಿಂದ ಮುಂದೆ ಏನಾಯಿತು ಎಂಬುದರಲ್ಲಿ ಅರ್ಧ ಆಮೇಲೆ ಕೇಳಿ ತಿಳಿದದ್ದು. ಎದುರಾಳಿಯ ಒಬ್ಬ ನಡುಮೈದಾನದಲ್ಲಿ ಅಡ್ಡಕ್ಕೆ ಓಡಿದ. ಅವನ ದಾರಿಗೆ ಅಡ್ಡ ನಿಲ್ಲಬೇಕಿದ್ದ ಲೈನ್‌ಬ್ಯಾಕರ್ ಮುಗ್ಗರಿಸಿ ಬಿದ್ದ. ಅದನ್ನು ಕಂಡ ನನ್ನ ತಮ್ಮ ಮುಂದಕ್ಕೆ ನುಗ್ಗಿದ. ಆ ಓಟ ನನಗೆ ಗೊತ್ತು. ಮಂಡಿ ಬಗ್ಗಿಸಿ, ತೋಳು ಅಗಲಿಸಿ, ತಲೆ ತಗ್ಗಿಸಿ. ಅವನು ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಕಬಡ್ಡಿ ಆಡಿದವನು. ಕಬಡ್ಡಿಯಲ್ಲಿ ಪಕ್ಕದವನು ಸಿಕ್ಕಿಬಿದ್ದರೆ ನಿಂತಲ್ಲೇ ನಿಂತು ನೋಡುವವನನ್ನು ಯಾರೂ ಆಟಗಾರ ಎನ್ನುವುದಿಲ್ಲ. ಎಲ್ಲರೂ ಮೇಲೆ ಬೀಳಬೇಕು. ಇಲ್ಲಿ ಸೇಫ್ಟಿ ಮಾಡಬಾರದ ಒಂದೇ ಕೆಲಸ ಅದು. ಅವನು ಬಿಟ್ಟುಬಂದ ಖಾಲಿ ಜಾಗಕ್ಕೆ ಇನ್ನೊಬ್ಬ ಎದುರಾಳಿ ಆರಾಮಾಗಿ ಓಡಿದ. ಚೆಂಡು ತಮ್ಮನ ತಲೆಯ ಮೇಲಿಂದ ಹೋಯಿತು. ಅವನು ತಿರುಗಿದ. ತಿರುಗಿ ಓಡಿದ. ಗೆರೆ ದಾಟಿ ಕುಣಿಯುತ್ತಿದ್ದವರ ಹಿಂದೆ, ಇನ್ನು ಏನೂ ಉಪಯೋಗವಿಲ್ಲದಿದ್ದರೂ, ಕೊನೆಯವರೆಗೂ ಓಡಿದ.

ಯಾರೂ ಬೈಯಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಬೇಕು. ಬಿದ್ದಿದ್ದ ಲೈನ್‌ಬ್ಯಾಕರ್ ಬಂದು ಭುಜ ತಟ್ಟಿ, "ಪೊಲೆ, ಕಾಕಾ," ಎಂದ. ಕ್ಷಮಿಸು, ಅಣ್ಣಾ, ಎಂದು. ಇನ್ನೊಬ್ಬ ತಮಾಷೆಗೆ, "ಇದು ನಿಮ್ಮೂರಿನ ಆಟ ಅಲ್ಲಪ್ಪ, ಇಲ್ಲಿ ಉಸಿರು ಬಿಟ್ಟರೂ ಔಟ್ ಇಲ್ಲ," ಎಂದ ಹಾಗೆ ನೆನಪು. ಇವನೇ ಅವರಿಗೆಲ್ಲ ಕಬಡ್ಡಿ ಹೇಳಿಕೊಟ್ಟಿದ್ದನಲ್ಲ. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಅಡುಗೆಮನೆ ಬಾಗಿಲಲ್ಲಿ ಕಂಡಿದ್ದ ಅದೇ ಸಹಜವಾದ ನಗು.

ಆಗಲೇ ಹೋಗಿ ಅವನ ಕೈ ಹಿಡಿಯಬೇಕಿತ್ತೇ? ಆಫೀಸಿನಿಂದ ಫೋನ್ ಬಂತು. ವಿಮಾನದ ಸದ್ದಿಗೆ ಏನೂ ಕೇಳದೆ ಗೇಟಿನ ಕಡೆ ಹೋದೆ. ಕೋಚ್ ಅವನ ಪಕ್ಕದಲ್ಲೇ ಇದ್ದಳು, ಅದನ್ನು ನೋಡಿಯೇ ಹೋದೆ. ಮರಳಿ ಬಂದಾಗ ಹುಡುಗರು ಕೋನ್‌ಗಳನ್ನು ಎತ್ತಿಡುತ್ತಿದ್ದರು. ಬೆಂಚಿನ ಕೆಳಗೆ ಅವನ ಬ್ಯಾಗ್ ಇತ್ತು, ಬ್ಯಾಗಿನಲ್ಲಿ ಫೋನ್ ಇತ್ತು. ಹೆಲ್ಮೆಟ್ ಇರಲಿಲ್ಲ. ಅವನಿರಲಿಲ್ಲ.

"ನಿನ್ನ ಜೊತೆ ಇದ್ದಾನಲ್ಲವೇ?" ಎಂದಳು ಕೋಚ್ ಇಂಗ್ಲಿಷಿನಲ್ಲಿ. "ನಿನ್ನ ಕಾರಿನ ಕಡೆಗೇ ನಡೆದ. ನೀನು ಅಲ್ಲೇ ನಿಂತಿದ್ದೆ."

"ನಿನ್ನ ಜೊತೆ ಇದ್ದಾನೆ ಅಂದುಕೊಂಡೆ ನಾನು."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದೆ ಅವನನ್ನು ಕರೆತರಲು ಹೋದಾಗ ಆಕೆ ಮೂರು ಶನಿವಾರ ಹೇಳಿಕೊಟ್ಟರೂ ನನಗೆ ಹತ್ತದಿದ್ದ ಒಂದು ವಿಷಯ ಆ ಕ್ಷಣ ಅರ್ಥವಾಯಿತು. ಝೋನ್‌ನಲ್ಲಿ ಚೆಂಡು ಯಾರ ಜಾಗದಲ್ಲೂ ಬೀಳುವುದಿಲ್ಲ, ಇಬ್ಬರ ಜಾಗ ಸೇರುವಲ್ಲಿ ಬೀಳುತ್ತದೆ. ಅಂಥ ಹೊತ್ತಿನಲ್ಲೂ ನನ್ನ ತಲೆ ಆಟದ ಪಾಠ ಮಾಡಿಕೊಳ್ಳುತ್ತಿತ್ತು ಎಂಬುದಕ್ಕೆ ನನಗೆ ಇಂದಿಗೂ ಅಸಹ್ಯವಿದೆ.

ಶೌಚಾಲಯ ನೋಡಿದೆವು. ಶಾಲೆಯ ಹಿಂದಿನ ಬೇಲಿ ನೋಡಿದೆವು. ಬೀಗ ಹಾಕಿದ ಕೋಣೆಗಳ ಬಾಗಿಲು ಬಡಿದೆವು. ಕೋಚ್ ವಿಮಾನ ನಿಲ್ದಾಣದ ಕಡೆಗೆ ಹೋದಳು, ನಾನು ನಗರದ ಕಡೆಗೆ. ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಆಂಟಿಗೆ ಫೋನ್ ಮಾಡಿದೆ.

"ಇಲ್ಲಿಗೆ ಬರ್ಲಿಲ್ಲ ಮಾರಾಯ್ತಿ. ನಾನು ನಿಮ್ಮ ಬಾಗಿಲಲ್ಲೇ ಕೂತ್ಕೊಳ್ತೇನೆ. ನೀನು ಗಾಡಿ ಮೆಲ್ಲ ಬಿಡು, ಕೇಳ್ತಾ? ಅಳ್ಬೇಡ. ಅತ್ರೆ ರೋಡ್ ಕಾಣುದಿಲ್ಲ."

ಇಂಡಸ್ಟ್ರಿಯಲ್ ಏರಿಯಾ ತಿರುವಿನ ಹತ್ತಿರ ಜಾಮ್ ಕಚ್ಚಿಕೊಂಡಿತು. ಎರಡೂ ಕಡೆ ಲಾರಿಗಳು, ಸಿಮೆಂಟು, ಕಬ್ಬಿಣ, ಹೊಗೆ. ಮಟಾಟುಗಳು, ಜನ ತುಂಬಿದ ಬಾಡಿಗೆ ವ್ಯಾನುಗಳು, ಫುಟ್‌ಪಾತ್ ಹತ್ತಿ ಹೋಗುತ್ತಿದ್ದವು. ನಾನು ಎರಡು ಲಾರಿಗಳ ನಡುವೆ ಕೂತು, ಕಿಟಕಿ ಇಳಿಸಿ, ಹಾದುಹೋಗುವ ಪ್ರತಿಯೊಬ್ಬನ ಮುಖ ನೋಡಿದೆ. ದೇವರಿಗೆ ಹರಕೆ ಹೊತ್ತೆ. ತಕ್ಷಣ, ನಂಬದವಳು ಹೊತ್ತ ಹರಕೆಯಿಂದ ಅವನಿಗೇ ಕೆಡುಕಾದೀತು ಎಂದು ಹೆದರಿ ವಾಪಸು ತೆಗೆದುಕೊಂಡೆ. ಮತ್ತೆ ಹೊತ್ತೆ. "ಬೇಡ ಕಣೋ, ಬೇಡ ಕಣೋ," ಎಂದು ಜೋರಾಗಿಯೇ ಹೇಳುತ್ತಿದ್ದೆ ಎಂದು ಕಾಣುತ್ತದೆ, ಪಕ್ಕದ ಲಾರಿಯ ಡ್ರೈವರ್ ಬಗ್ಗಿ ನೋಡಿದ. ರಸ್ತೆಬದಿ ಜೋಳ ಸುಡುತ್ತಿದ್ದ ಹೆಂಗಸನ್ನು ಕೇಳಿದೆ: ಹೆಲ್ಮೆಟ್ ಹಿಡಿದುಕೊಂಡ ಒಬ್ಬ ಮುಹಿಂಡಿಯನ್ನು, ಒಬ್ಬ ಇಂಡಿಯನ್ನನನ್ನು, ಕಂಡೆಯಾ?

"ಪಿಕಿಪಿಕಿ ಇಲ್ಲದೆ ಹೆಲ್ಮೆಟ್ ಹಿಡಿದವನಾ?" ಎಂದು ನಕ್ಕಳು. ಪಿಕಿಪಿಕಿ ಅಂದರೆ ಮೋಟರ್‌ಬೈಕು. ನನ್ನ ಮುಖ ನೋಡಿ ನಗು ನಿಲ್ಲಿಸಿ ಮುಂದಕ್ಕೆ ಕೈ ತೋರಿಸಿದಳು. ಅಸಾಂಟೆ, ಥ್ಯಾಂಕ್ಸ್, ಎಂದೆನೋ ಇಲ್ಲವೋ.

ಆಮೇಲೆ ಹೆದ್ದಾರಿ. ಅದರ ಮೇಲೆ ಅಡ್ಡಲಾಗಿ ಜನ ದಾಟುವ ಕಾಲುಸೇತುವೆ. ಕಾರಿನ ಗಾಜಿನಿಂದ ತಲೆ ಎತ್ತಿ ನೋಡಿದಾಗ, ಮೇಲೆ ಕಂಬಿಯ ಹತ್ತಿರ, ಕೈಯಲ್ಲಿ ಹೆಲ್ಮೆಟ್, ಭುಜಕ್ಕೆ ಆಟದ ಆ ದೊಡ್ಡ ಪ್ಯಾಡುಗಳು, ತಮ್ಮ. ಕಾರನ್ನು ಎಲ್ಲಿ ಹೇಗೆ ನಿಲ್ಲಿಸಿದೆ ಗೊತ್ತಿಲ್ಲ. ಮೆಟ್ಟಿಲು ಹತ್ತುವಾಗ ಅವನನ್ನು ಕೂಗಲಿಲ್ಲ. ಕೂಗಿದರೆ ಏನಾದೀತೋ ಎಂದು ಬಾಯಿ ಬಿಗಿಹಿಡಿದು ಹತ್ತಿದೆ. ಕಾಲ್ಚೀಲ ಮಾರುವವರು, ಮಗು ಬೆನ್ನಿಗೆ ಕಟ್ಟಿಕೊಂಡವರು, ಕೆಲಸ ಬಿಟ್ಟು ಬರುತ್ತಿದ್ದ ಕಾರ್ಖಾನೆಯವರು, ಎಲ್ಲರನ್ನೂ ತಳ್ಳಿಕೊಂಡು ಹೋಗಿ ಹಿಂದಿನಿಂದ ಅವನ ಜೆರ್ಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅವನು ತಿರುಗಿ ನೋಡಿದ. "ಅಕ್ಕ, ಕಾರ್ ಎಲ್ಲಿ ಬಿಟ್ಟೆ? ಎತ್ಕೊಂಡು ಹೋಗ್ತಾರೆ."

"ಹೋಗ್ಲಿ."

"ಆ ಕಡೆಯಿಂದ ಮನೆಗೆ ಮಟಾಟು ಸಿಗುತ್ತೆ ಅಂದ್ರು."

"ಯಾರು ಅಂದ್ರು?"

"ಯಾರೋ."

ಹಿಡಿದದ್ದನ್ನು ಬಿಡದೆ ಅವನನ್ನು ಕೆಳಗೆ ಇಳಿಸಿದೆ. ಜನ ದಾರಿ ಬಿಟ್ಟರು. ಕಳ್ಳನನ್ನು ಹಿಡಿದೊಯ್ಯುವ ಹಾಗೆ ಕಂಡಿರಬೇಕು. ಕಾರಿನಲ್ಲಿ ಕೂತ ಮೇಲೆ ಕೋಚ್‌ಗೆ ಹೇಳಿದೆ, ಆಂಟಿಗೆ ಹೇಳಿದೆ. ಆಂಟಿ ಫೋನಿನಲ್ಲೇ ಅವನಿಗೆ ಚೆನ್ನಾಗಿ ಬೈದು, ಅದೇ ಉಸಿರಿನಲ್ಲಿ ನೀರುದೋಸೆ ಹುಯ್ಯುತ್ತೇನೆ ಎಂದರು. ಅವನು ಮಡಿಲಲ್ಲಿದ್ದ ಹೆಲ್ಮೆಟ್ಟನ್ನು ಕಾಲ ಬಳಿ ಇಟ್ಟ. "ಅವ್ನು ಬಿದ್ದಿದ್ದ, ಅಕ್ಕ. ಬಿದ್ದಿದ್ದು ಕಾಣಿಸ್ತು ನಂಗೆ. ಹೆಂಗೆ ಸುಮ್ನೆ ನಿಂತ್ಕೊಳ್ಳೋದು?"

ಮರುದಿನ ಕೋಚ್ ಅವನ ಬ್ಯಾಗ್ ಹಿಡಿದು ಮನೆಗೆ ಬಂದಳು. ಚಹಾ ಕುಡಿದಳು. ಮುಂದಿನ ಶನಿವಾರವೂ ಅವನು ಅದೇ ಜಾಗದಲ್ಲಿ ನಿಲ್ಲಬೇಕು ಎಂದಳು. ಬೇರೆ ಯಾರನ್ನಾದರೂ ನಿಲ್ಲಿಸು, ನಾನು ಬದಿಯಲ್ಲಿ ಎಲ್ಲಾದರೂ ಇರುತ್ತೇನೆ ಎಂದ ಅವನು. "ಸಾಧ್ಯವಿಲ್ಲ. ನೀನು ಮುಂದೆ ನುಗ್ಗಿದರೆ ಮತ್ತೆ ಸೋಲುತ್ತೇವೆ, ಆಗ ಮತ್ತೆ ಕಲಿಸುತ್ತೇನೆ," ಎಂದಳು ಆಕೆ. ಅದು ಸಮಾಧಾನಕ್ಕೆ ಹೇಳಿದ್ದೋ, ಇನ್ನೊಬ್ಬ ಆಟಗಾರ ಇರಲಿಲ್ಲವೋ, ನನಗೆ ತಿಳಿಯಲಿಲ್ಲ. ಅವನು ಹೋದ. ಈಗಲೂ ಹೋಗುತ್ತಾನೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಗಡ್ಡ ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡಾಗ ನಾನು ಹೊರಗೆ ನಿಂತು ನೀರಿನ ಸದ್ದು ಕೇಳುತ್ತೇನೆ, ಸದ್ದು ನಿಂತರೆ ಏನೋ ಒಂದು ಸುಳ್ಳು ಕಾರಣಕ್ಕೆ ಕೂಗುತ್ತೇನೆ. ಅವನು ಪ್ರತಿ ಸಲ ಉತ್ತರ ಕೊಡುತ್ತಾನೆ, ಬೇಸರವಿಲ್ಲದೆ. ನಾನು ಯಾಕೆ ಕೂಗುತ್ತೇನೆ ಎಂದು ಅವನಿಗೆ ಗೊತ್ತು.

ಸೇತುವೆಯ ಚಿತ್ರವನ್ನು ಎಷ್ಟೋ ಸಲ ಕಣ್ಣ ಮುಂದೆ ತಂದುಕೊಂಡಿದ್ದೇನೆ. ಕೆಲವೊಮ್ಮೆ ಅದರಲ್ಲಿ ಅವನ ಒಂದು ಹೆಜ್ಜೆ ಮುಂದಿದೆ, ಜನರ ಜೊತೆ ನಡೆಯುತ್ತಿದ್ದಾನೆ. ಕೆಲವೊಮ್ಮೆ ಎರಡೂ ಪಾದ ಜೋಡಿಸಿ ಕಂಬಿಯ ಕಡೆ ಮುಖ ಮಾಡಿದ್ದಾನೆ. ಯಾವುದು ಕಂಡದ್ದು, ಯಾವುದು ನಾನು ಸೇರಿಸಿದ್ದು? ಇದನ್ನು ಹೇಳಬಲ್ಲವನು ಒಬ್ಬನೇ. ಅಂದು ಕಾರಿನಲ್ಲಿ ಅವನನ್ನು ಕೇಳಿದೆ, ಅವನು ಕಿಟಕಿಯಾಚೆ ನೋಡಿದ. ಕಳೆದ ಭಾನುವಾರ ಬಾಲ್ಕನಿಯಲ್ಲಿ ಶೂವಿನ ಕೆಸರು ಕೆರೆಯುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತು ಮತ್ತೆ ಕೇಳಿದೆ. ಅವನು ಇನ್ನೊಂದು ಶೂ ಎತ್ತಿಕೊಂಡ. ನಾನು ಕೇಳಿದ್ದು ಇಷ್ಟೇ:

"ಅವತ್ತು ಆ ಸೇತುವೆ ಮೇಲೆ ನೀನು ಆ ಕಡೆಗೆ ದಾಟ್ತಾ ಇದ್ಯೇನೋ, ಇಲ್ಲ ಅಲ್ಲೇ ನಿಂತಿದ್ಯಾ?"